ಹೆಜ್ಜೆಗೊಂದು ಸದ್ದು

ಹಿಮ್ಮಡಿಯೇನೋ ಎದ್ದಿತು, ಬೆರಳುಗಳು ಮಾತ್ರ ಹೊಸ್ತಿಲ ಬಳಿ ಬೇರು ಬಿಟ್ಟಂತೆ ನಿಂತುಬಿಟ್ಟವು. ಹೊರಗೆ ನಾಲ್ಕು ಜನ ಹೆಗಲು ಕೊಟ್ಟಾಗಿತ್ತು. ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರ್, ಹೆಂಡತಿಯ ಹೆಣದ ಹಿಂದೆ ಹೆಜ್ಜೆ ಹಾಕಲಾರದೆ ಬಾಗಿಲಲ್ಲೇ ಸಿಕ್ಕಿಕೊಂಡಿದ್ದ.

"ಬನ್ನಿ ಭಾವ, ಎಲ್ಲರೂ ಕಾಯ್ತಿದ್ದಾರೆ," ಬಾಮೈದ ರಟ್ಟೆ ಹಿಡಿದ.

"ಎಳೀಬೇಡಿ ಮಾವ, ಬಿದ್ದುಬಿಡ್ತಾರೆ!" ಮಗಳು ಓಡಿಬಂದಳು. "ಅಪ್ಪನ ಕಾಲು ಏಳೋಕೆ ಸದ್ದು ಬೇಕು."

ಚಪ್ಪಾಳೆ ತಟ್ಟಿದಳು. ಅಳುತ್ತಿದ್ದವಳ ಕೈಗೆ ತಾಳ ದಕ್ಕಲಿಲ್ಲ. ನೋಡುವವರ ಮುಂದೆ ಡ್ರೈವರನ ಕತ್ತೂ ಸೆಟೆದುಕೊಂಡಿತು.

ಕೊನೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡೇ ಹೋದರು.

*

ನಡುಕದ ಕಾಯಿಲೆ ಹಿಡಿದು ಆರು ವರ್ಷ. ಮೊದಲ ಸಲ ಹೀಗೆ ಮರಗಟ್ಟಿದ್ದು ಬಚ್ಚಲ ಬಾಗಿಲಲ್ಲಿ. ನಡುಮನೆಯಲ್ಲಿ ಹೆಂಡತಿ ಶಾಲೆಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಮಿಷನ್ನು ಕಟಕಟ ಅಂದದ್ದೇ, ಬಿಗಿದ ಮಂಡಿ ಸಡಿಲಿ ಕಾಲು ತಾನಾಗಿ ಮುಂದೆ ಬಿತ್ತು.

"ಕಟ್ಕೊಂಡವಳ ಮಾತಿಗೆ ಜಗ್ಗದೋರು, ಮಿಷನ್ ಮಾತಿಗೆ ಕುಣೀತೀರಲ್ಲ!" ಎಂದು ನಕ್ಕಿದ್ದಳು.

ಅಂದಿನಿಂದ ಎಲ್ಲಿ ಹೋದರೂ ಹಿಂದೆ ನಿಂತು ನಾಲಿಗೆಯಲ್ಲಿ ಟಕ್, ಟಕ್ ಅನ್ನಿಸುವಳು. ಬೀದಿಯಲ್ಲಿ ಜನ ನಕ್ಕರೆ ಅವನು ರೇಗುವನು.

"ನಗಲಿ ಬಿಡಿ. ಎತ್ತು ಹೊಡ್ಕೊಂಡು ಹೋಗ್ತಿದಾಳೆ ಅಂದ್ಕೊಳ್ಳಲಿ."

ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಧೊಪ್ಪೆಂದು ಬಿದ್ದಳು. ಅವನು ಎದ್ದು ಬಂದವನು ಬಾಗಿಲಲ್ಲಿ ನಿಂತುಬಿಟ್ಟ. ನೆಲದಿಂದ ಅವಳು ಅವನ ಕಾಲುಗಳನ್ನೇ ನೋಡಿದಳು. ಕೂಗಲಿಲ್ಲ. ಟಕ್, ಎಂದಳು. ಒಂದು ಹೆಜ್ಜೆ ಬಂದ. ಟಕ್. ಇನ್ನೊಂದು.

ಮೂರನೆಯದಕ್ಕೆ ಕಾದ. ಪಕ್ಕದ ಮನೆಯಾಕೆ ಬರುವವರೆಗೂ ಕಾದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

*

"ಕಷ್ಟಪಡದೆ ಹೋದಳು, ಪುಣ್ಯವಂತೆ," ಗುಂಡಿಯ ಬಳಿ ಬಾಮೈದ ಸಮಾಧಾನ ಹೇಳಿದ. "ನೀವು ಪಕ್ಕದಲ್ಲೇ ಇದ್ರಲ್ಲ ಭಾವ."

ಡ್ರೈವರ್ ಕುರ್ಚಿಯ ಹಿಡಿಕೆ ಒತ್ತಿ ಎದ್ದು ನಿಂತ.

ಗುಂಡಿ ತೋಡಿದವರಿಬ್ಬರು ಮಣ್ಣು ಹಾಕತೊಡಗಿದರು. ಒಬ್ಬನ ಸಲಿಕೆ, ಮತ್ತೊಬ್ಬನ ಸಲಿಕೆ. ದಬ್. ದಬ್. ಪಳಗಿದ ಕೈಗಳು, ತಾಳ ತಪ್ಪಲಿಲ್ಲ.

ಅವನ ಎಡಮಂಡಿ ಸಡಿಲಿತು. ಬಲಗಾಲು ಎದ್ದಿತು. ದಬ್, ಒಂದು ಹೆಜ್ಜೆ. ದಬ್, ಇನ್ನೊಂದು. ಹುಡುಗನ ಹಾಗೆ ಹಗುರವಾಗಿ ಗುಂಡಿಯ ಕಡೆ ನಡೆದ.

"ಅಪ್ಪಾ! ನಿಲ್ಸಿ, ಮಣ್ಣು ಹಾಕೋದು ನಿಲ್ಸಿ!" ಮಗಳು ಚೀರಿದಳು.

ಸದ್ದು ನಿಂತಿತು. ಅವನೂ ನಿಂತ, ಅಂಚಿಗೆ ಒಂದು ಮಾರು ದೂರದಲ್ಲಿ.

"ಹಾಕ್ರಪ್ಪ," ಎಂದ ಮೆಲ್ಲಗೆ. "ಅವಳ ಹತ್ರ ಹೋಗ್ಬೇಕು. ನಿಲ್ಲಿಸ್ಬೇಡಿ."

ಇಬ್ಬರೂ ತುಂಬಿದ ಸಲಿಕೆ ಹಿಡಿದು, ಹಾಕಲೂ ಆಗದೆ ಇಳಿಸಲೂ ಆಗದೆ, ಅವನ ಕಾಲುಗಳನ್ನೇ ನೋಡುತ್ತ ನಿಂತರು.