ಕೋಲು ಹಿಡಿದವಳು

ಗೋಡೆಯ ಮೇಲಿನ ಏಳನೆಯ ಫೋಟೊಗೆ ಅಣ್ಣ ಕೈ ಹಾಕಿದಾಗ ತಂಗಿ ಅವನ ಮಣಿಕಟ್ಟು ಹಿಡಿದಳು.

“ಬಿಡೋ. ಅಮ್ಮ ಇನ್ನೂ ಮನೇಲೇ ಇದ್ದಾಳೆ.”

“ಸಾಹೇಬರು ಬರೋ ಹೊತ್ತಾಯ್ತು ಕಣೇ. ಅವರೇ ಬಂದು ಕಿತ್ತರೆ ಮರ್ಯಾದೆ ಉಳಿಯುತ್ತಾ?”

ತಪ್ಪು ಅವನದೇ. ಸೇನೆಯ ರೇಡಿಯೊ ನಿಲಯದ ಗೇಟಿನಲ್ಲಿ ಅವನಿಗೆ ಕಾವಲು ಕೆಲಸ. ಅಮ್ಮ ತೀರಿಕೊಂಡಳೆಂದು ಬೆಳಿಗ್ಗೆ ರಜೆ ಕೇಳಲು ಹೋದವನು ದುಃಖ ತಡೆಯಲಾರದೆ, ಈ ನಿಲಯ ಕಟ್ಟಿದವರಲ್ಲಿ ನಮ್ಮಮ್ಮನೂ ಒಬ್ಬಳು, ಮನೆಯಲ್ಲಿ ಫೋಟೊಗಳಿವೆ ಎಂದುಬಿಟ್ಟಿದ್ದ. ನಿಲಯದ ಸಾಹೇಬರು ಸಮಾಧಾನ ಹೇಳುವ ಬದಲು ಎಷ್ಟಿವೆ ಎಂದು ಕೇಳಿದ್ದರು. ಹನ್ನೊಂದು ಎಂದಿದ್ದನಂತೆ ಈ ಸತ್ಯವಂತ. ಇಳಿಸಿಡು, ನಾನೇ ಬಂದು ಒಯ್ಯುತ್ತೇನೆ ಎಂದಿದ್ದರಂತೆ ಅವರು.

“ಕೆಲಸ ಹೋದ್ರೆ ಮಕ್ಕಳ ತಟ್ಟೆಗೆ ಫೋಟೊ ಬಡಿಸಲಾ?”

ತಂಗಿ ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

*

ನಿಲಯ ಕಟ್ಟುತ್ತಿದ್ದಾಗ ಅಮ್ಮನಿಗೆ ಇಪ್ಪತ್ತರ ಹರೆಯ. ಕಂಬಗಳ ಪಾಯ ಎಷ್ಟು ಆಳ, ಗೋಡೆ ಎಷ್ಟು ಎತ್ತರ ಎಂದು ಮೇಲಿನವರಿಗೆ ತೋರಿಸಲು ತಿಂಗಳಿಗೊಮ್ಮೆ ಫೋಟೊ ತೆಗೆಯಬೇಕು; ಪಕ್ಕದಲ್ಲಿ ಯಾರಾದರೂ ಅಳತೆಕೋಲು ಹಿಡಿದು ನಿಲ್ಲಬೇಕು. ಜಲ್ಲಿ ಹೊರುವವರಲ್ಲಿ ನೆಟ್ಟಗೆ ನಿಲ್ಲುವವಳು ಇವಳೇ ಎಂದು ಮೇಸ್ತ್ರಿ ಕೋಲು ಕೊಟ್ಟ.

“ಮುಖ ಆಚೆ ತಿರುಗಿಸು,” ಎಂದ ಫೋಟೊಗ್ರಾಫರ್. “ಕೂಲಿಯವರ ಮುಖ ಬೀಳಬಾರದು ಅಂತ ಆರ್ಡರು.”

ಅವನು ಗುಂಡಿ ಒತ್ತುವಷ್ಟರಲ್ಲಿ ಅವಳು ತಿರುಗಿ ಕ್ಯಾಮೆರಾವನ್ನೇ ನೋಡಿದಳು.

“ಕೋಲು ಹಿಡಿಯೋಕೆ ಕೂಲಿ ಕೊಡ್ತೀರಿ ಸ್ವಾಮಿ. ಮುಖ ಬಚ್ಚಿಡೋಕೆ ಯಾರು ಕೊಡ್ತಾರೆ?”

ಪ್ರತಿ ತಿಂಗಳೂ ಇದೇ ಕತೆ. ಅವನು ಬೈಯುತ್ತ ಇನ್ನೊಂದು ತೆಗೆಯುತ್ತಿದ್ದ. ಮುಖ ಬಿದ್ದದ್ದನ್ನು ಕಚೇರಿಯವರು ಕಸಕ್ಕೆ ಹಾಕು ಎನ್ನುತ್ತಿದ್ದರು. ಅವನು ಅದನ್ನು ತಂದು ಅವಳ ಬುಟ್ಟಿಗೆ ಹಾಕುತ್ತಿದ್ದ: “ತಗೋ ತಾಯಿ, ನಿನ್ನ ಮುಖಾರವಿಂದ!”

*

ಅವರದು ಓಣಿಯ ಕೊನೆಯ ಮನೆ. ಬಾಗಿಲವರೆಗೂ ಜೀಪು ನುಗ್ಗಿಸಿಕೊಂಡು ಬಂದ ಸಾಹೇಬರು ಟೋಪಿ ತೆಗೆದರು. ಮಾತು ಮೆತ್ತಗಿತ್ತು.

“ಕಾಯ್ದೆ ಹಾಗಿದೆಯಮ್ಮ. ನಿಷೇಧಿತ ಜಾಗದ ಫೋಟೊ ಮನೇಲಿ ಇಡೋ ಹಾಗಿಲ್ಲ.”

“ಬೇಡ ಅಂತ ಬಿಸಾಕಿದ್ದು ನಿಮ್ಮ ಕಚೇರಿಯೇ ಅಲ್ವಾ ಸಾರ್?” ಎಂದಳು ತಂಗಿ.

ಅಮ್ಮನ ಕಾಲ ಬಳಿ ಗಾರೆಯತ್ತೆ ಕೂತಿದ್ದಳು. ಅದೇ ನಿಲಯಕ್ಕೆ ಗಾರೆ ಹೊತ್ತು ಆ ಹೆಸರು ಪಡೆದವಳು. “ಬದುಕಿದ್ದಾಗ ಒಬ್ಬರೂ ಇವಳ ತಂಟೆಗೆ ಬರಲಿಲ್ಲ,” ಎಂದಳು. “ಮಲಗಿದ್ದು ನೋಡಿ ಧೈರ್ಯ ಬಂತೇನಪ್ಪಾ?”

ಸಾವಿನ ಮನೆಯೆಂಬುದನ್ನೂ ಮರೆತು ಹೆಂಗಸರು ಕಿಸಕ್ಕನೆ ನಕ್ಕರು.

ಅಣ್ಣ ಕಿತ್ತಿಟ್ಟಿದ್ದ ಆರು ಫೋಟೊಗಳಲ್ಲಿ ಒಂದನ್ನು ಸಾಹೇಬರು ಎತ್ತಿ ಹಿಂಬದಿ ಓದಿದರು. “ಕಂಬದ ನಂಬರು, ತಾರೀಕು, ಕೋಲಿನ ಉದ್ದ. ಅಷ್ಟೇ. ನಿಮ್ಮ ತಾಯಿ ಸುದ್ದಿಯೇ ಇಲ್ಲ ಇದರಲ್ಲಿ. ಕೊಟ್ಟರೆ ನಿಮಗೇನು ನಷ್ಟ?”

ಅಣ್ಣ ಸಾಹೇಬರ ಕೈಯಿಂದ ಅದನ್ನು ತೆಗೆದುಕೊಂಡ. ಉಳಿದ ಐದರ ಜೊತೆ ಸೇರಿಸಿದ. ಕೊಟ್ಟೇಬಿಡುತ್ತಾನೆ ಎಂದುಕೊಂಡಳು ತಂಗಿ. ಅವನು ಸಾಹೇಬರನ್ನು ದಾಟಿ ಹೋಗಿ ಗಾರೆಯತ್ತೆಯ ಕೈಗೆ ಒಂದನ್ನು ಕೊಟ್ಟ. ಪಕ್ಕದವಳಿಗೆ ಇನ್ನೊಂದು.

ತಂಗಿ ಗೋಡೆಯಲ್ಲಿ ಉಳಿದ ಐದನ್ನೂ ಇಳಿಸಿದಳು. “ಕೆಲಸದ ಗತಿಯೇನೋ?” ಎಂದಳು ಮೆಲ್ಲಗೆ.

“ಕಾಯೋಕೆ ಊರಲ್ಲಿ ಅದೊಂದೇ ಗೇಟಾ?”

ಅಮ್ಮನನ್ನು ಹೆಗಲಿಗೆತ್ತಿದರು. ಮುಂದೆ ಹನ್ನೊಂದು ಹೆಂಗಸರು, ಎದೆಯ ಮಟ್ಟಕ್ಕೆ ಒಂದೊಂದು ಫೋಟೊ ಹಿಡಿದು ಹೊರಟರು. ಓಣಿಯಲ್ಲಿ ಜೀಪು ತಿರುಗಿಸಲು ಜಾಗವಿರಲಿಲ್ಲ; ನಿಂತು ದಾರಿ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಡ್ರೈವರ್ ಕತ್ತು ಹೊರಳಿಸಿ ಹಿಂದುಹಿಂದಕ್ಕೆ ಓಡಿಸತೊಡಗಿದ. ಮುಂದಿನ ಸೀಟಿನಲ್ಲಿ ಸಾಹೇಬರು. ಕೋಲು ಹಿಡಿದ ಇಪ್ಪತ್ತರ ಹುಡುಗಿ ಹನ್ನೊಂದು ಕಡೆಯಿಂದ ಅವರನ್ನೇ ನೋಡುತ್ತ, ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಸರಿಸುತ್ತ, ದೊಡ್ಡ ರಸ್ತೆಯವರೆಗೂ ಬಂದಳು.