ಗಿಲಕಿ ಸವೆದ ಹಾವು

ಮರುಭೂಮಿಯ ಅಂಚಿನ ಆಹೊ ಎಂಬ ಊರಿನಲ್ಲಿ ಯಾರನ್ನೇ ಕೇಳಿ, ಫೆರ್ಮೀನ್ ಬೊಹೋರ್ಕೆಸ್‌ಗೆ ಕಿವಿ ಕೇಳುವುದಿಲ್ಲ ಎನ್ನುತ್ತಾರೆ. ಫೆರ್ಮೀನನನ್ನು ಕೇಳಿದರೆ ಮಾತ್ರ, ಈಚೆಗೆ ಜನ ಬಾಯೊಳಗೇ ಮಾತಾಡುತ್ತಾರೆ ಎನ್ನುತ್ತಾನೆ. ತಾಮ್ರದ ಗಣಿಯಲ್ಲಿ ಮೂವತ್ತೊಂದು ವರ್ಷ ಸಿಡಿಮದ್ದಿನ ಪಕ್ಕ ನಿಂತವನ ಮಾತು ಇದು! ಹೆಂಡತಿ ಕೂಕಾ ಕೂಗಿ ಕೂಗಿ ಸಾಕಾಗಿ ಬೇರೆ ದಾರಿ ಹಿಡಿದಿದ್ದಳು. ಅವನನ್ನು ಹಿತ್ತಿಲಿನಿಂದ ಕರೆಯಬೇಕಾದರೆ ಅಡುಗೆಮನೆಯ ಕಿಟಕಿಯಿಂದ ಒಂದು ನಿಂಬೆಹಣ್ಣು ಎಸೆಯುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ.

ಆ ಹಿತ್ತಿಲೆಂದರೆ ಫೆರ್ಮೀನನ ಪ್ರಾಣ. ಅಲ್ಲಿ ಬೆಳೆಯುತ್ತಿದ್ದದ್ದು ಅವನ ತಾಯಿ ಬಿಟ್ಟುಹೋದ ಬೀಜದ ತೆಪಾರಿ ಕಾಳು. ಎರಡು ಮಳೆ ಬಿದ್ದರೆ ಸಾಕು, ಆ ಸುಡುಗಾಡು ಮರಳಲ್ಲೂ ಚಿಗುರುವ ಗಟ್ಟಿ ಜೀವ. ಕಾಣದ ಕಡೆ ಕೈ ಹಾಕಬಾರದು, ಎಲೆ ಸರಿಸುವ ಮೊದಲು ಕೋಲಿನಿಂದ ತಟ್ಟಬೇಕು, ಕೈಗವಸು ಕೊಡವದೆ ತೊಡಬಾರದು. ಇದನ್ನೆಲ್ಲ ಬೀದಿಯವರಿಗೆಲ್ಲ ಬೋಧಿಸುತ್ತಿದ್ದವನು ಅವನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಏಪ್ರಿಲ್‌ನಲ್ಲಿ ಕೊಡವದ ಕೈಗವಸಿನಲ್ಲಿ ಚೇಳು ಕುಟುಕಿತು. ಮೇ ತಿಂಗಳಲ್ಲಿ ಹನಿ ನೀರಾವರಿಯ ನಲ್ಲಿ ಹುದುಗಿಸಿದ್ದ ಗುಂಡಿಗೆ ನೋಡದೆ ಕೈ ಇಟ್ಟ. ಅಲ್ಲಿ ಸಂಸಾರ ಹೂಡಿದ್ದ ಕರಿ ಜೇಡ ಕಚ್ಚಿ, ಟೂಸಾನ್ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದ್ದ.

"ಇನ್ನೊಂದ್ ಸಲ ಏನಾದ್ರೂ ಆಗ್ಲಿ," ಎಂದಿದ್ದಳು ಕೂಕಾ, "ಗ್ರಿಹಾಲ್ವಾನ ಲಾರಿ ಕರೆಸಿ ಹಿತ್ತಿಲಿಗೆಲ್ಲಾ ಜಲ್ಲಿ ಸುರಿಸ್ಬಿಡ್ತೀನಿ. ಅದರ ಮೇಲೆ ಕುರ್ಚಿ ಹಾಕ್ಕೊಂಡು ಕೂತಿರು ಮುದುಕಾ."

ಅವಳು ಆಡಿದ ಮಾತು ತಪ್ಪುವವಳಲ್ಲ.

ಜುಲೈ ಮಳೆ ಬಂತು, ತೆಪಾರಿ ಬಳ್ಳಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಪಕ್ಕದ ಕುಂಬಳದ ಎಲೆ ಸರಿಸಿದರೆ, ಕೆಳಗೆ ಮುಂಗೈ ದಪ್ಪದ, ಬಾಲದ ಗಿಲಕಿ ಸದ್ದು ಮಾಡಿ ಹೆದರಿಸುವ ವಿಷದ ಗಿಲಕಿ ಹಾವು ಸುರುಳಿ ಸುತ್ತಿಕೊಂಡು ತಣ್ಣಗೆ ಕೂತಿದೆ. ಫೆರ್ಮೀನನ ಎದೆ ಧಸಕ್ಕೆಂದಿತು. ಹಾವಿಗಲ್ಲ, ಜಲ್ಲಿಗೆ. ಮೆಲ್ಲಗೆ ಹಿಂದೆ ಸರಿದು ನೋಡಿದ. ಹಾವು ಬಾಲ ಎತ್ತಿ ಗಡಗಡ ಅಲ್ಲಾಡಿಸುತ್ತಿತ್ತು, ಸದ್ದು ಮಾತ್ರ ಇಲ್ಲ.

'ಪಾಪ, ವಯಸ್ಸಾಗಿದೆ. ಗಿಲಕಿ ಸವೆದುಹೋಗಿದೆ,' ಅಂದುಕೊಂಡ. ಸದ್ದು ಮಾಡದ ಹಾವು ಹೆಂಡತಿಗೆ ಗೊತ್ತಾಗುವ ಬಗೆಯಾದರೂ ಹೇಗೆ? ಮುದಿ ಹಾವು ತಾನಾಗಿ ಹೋಗುತ್ತದೆ, ಹೋಗುವವರೆಗೆ ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದು ತೀರ್ಮಾನಿಸಿದ. ಬುದ್ಧಿವಂತ!

ಅಂದಿನಿಂದ ಕೂಕಾಳಿಗೆ ಏನಾಯಿತೋ, ನಿಂಬೆಹಣ್ಣಿನ ಮಳೆಯೇ ಶುರುವಾಯಿತು. ಅವನು ಕುಂಬಳದ ಹತ್ತಿರ ಬಗ್ಗಿದರೆ ಸಾಕು, ಬೆನ್ನಿಗೆ ಟಪ್! ಒಳಗೆ ಹೋದರೆ, ಡಬ್ಬಿಯ ಮುಚ್ಚಳ ಬರುತ್ತಿಲ್ಲ, ತೆಗೆದುಕೊಡು. ಮತ್ತೆ ಬಗ್ಗಿದರೆ ಮತ್ತೆ ಟಪ್! ಸಾರಿಗೆ ಉಪ್ಪು ಸಾಕಾ, ರುಚಿ ನೋಡು. 'ಈ ವಯಸ್ಸಲ್ಲಿ ಇವಳಿಗೆ ಇದೆಂಥಾ ಪ್ರೀತಿ ಉಕ್ಕಿತಪ್ಪಾ,' ಎಂದು ಗೊಣಗುತ್ತ, ಒಳಗೊಳಗೇ ಮೀಸೆಯನ್ನೂ ತಿರುವಿಕೊಂಡ.

ಹೀಗೆ ಹದಿನೈದು ದಿನ ಕಳೆದ ಮೇಲೆ, ಅಗ್ನಿಶಾಮಕ ಠಾಣೆಯ ಎಉಸೆಬಿಯೊ ಎರವಲು ಒಯ್ದಿದ್ದ ಸನಿಕೆ ಹಿಂದಿರುಗಿಸಲು ಬಂದ. ಊರಲ್ಲಿ ಯಾರ ಮನೆಗೆ ಹಾವು ಹೊಕ್ಕರೂ ಹಿಡಿಯುವವನು ಅವನೇ. ಫೆರ್ಮೀನ್ ಅವನನ್ನು ಬೇಲಿಯ ಬಳಿ ಎಳೆದುಕೊಂಡು ಹೋಗಿ ಗುಟ್ಟು ಹೇಳಿದ.

"ಇದು ತೀರಾ ಸಾಧು ಕಣೋ. ಬಾಲ ಆಡಿಸುತ್ತೆ, ಒಂಚೂರೂ ಸದ್ದಿಲ್ಲ ನೋಡು."

ಎಉಸೆಬಿಯೊ ಬಿಳಿಚಿಕೊಂಡ. ಫೆರ್ಮೀನನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದ: "ಸದ್ದಿಲ್ವಾ? ಬೀದೀಲಿ ಗಾಡಿ ನಿಲ್ಲಿಸ್ದಾಗ್ಲೇ ಕೇಳಿಸ್ತಲ್ಲೋ ಮಾರಾಯ! ನಿಮ್ಮನೇಲಿ ಏನೋ ಹುರೀತಿದಾರೆ ಅಂದ್ಕೊಂಡೆ."

"ಅಡುಗೆಮನೆಗೆ ಕೇಳಿಸುತ್ತಾ?"

"ಇಗರ್ಜಿಗೇ ಕೇಳಿಸುತ್ತೆ!"

ಫೆರ್ಮೀನ್ ಕಿಟಕಿಯ ಕಡೆ ನೋಡಿದ. ಕೂಕಾ ಅಲ್ಲೇ ನಿಂತಿದ್ದಳು, ಕೈಯಲ್ಲಿ ನಿಂಬೆಹಣ್ಣು ಸಿದ್ಧವಾಗಿತ್ತು. ಹದಿನೈದು ದಿನಗಳ ಪ್ರೀತಿಯ ಅರ್ಥ ಆಗ ತಲೆಗೆ ಹತ್ತಿತು. ನಾಚಿಕೆಯಿಂದ ಅವನ ಮುಖ ಕೆಂಪಾಯಿತು.

ಎಉಸೆಬಿಯೊ ಗಾಡಿಯಿಂದ ಉದ್ದನೆಯ ಇಕ್ಕಳ ತಂದು ಹಾವನ್ನೆತ್ತಿ ಬಕೆಟ್ಟಿಗಿಳಿಸಿ ಮುಚ್ಚಳ ಬಿಗಿದ. "ಆ ಒಣಹಳ್ಳದಾಚೆ ಬಿಡ್ತೀನಿ. ದೂರ ಬಿಟ್ರೆ ಸತ್ತೋಗುತ್ತೆ, ಹತ್ರ ಬಿಟ್ರೆ ವಾಪಸ್ ಬರುತ್ತೆ. ನೀನುಂಟು, ನಿನ್ನ ಸಾಧು ಉಂಟು," ಎಂದು ಹೊರಟುಹೋದ.

ಫೆರ್ಮೀನ್ ಒಳಗೆ ಬಂದ. ಕೂಕಾ ತೋರ್ತಿಯಾ ರೊಟ್ಟಿಯ ಹಿಟ್ಟು ನಾದಲು ಕೂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಮೊದಲ್ನೇ ದಿನದಿಂದ," ಎಂದಳು, ಅವನಿಗೆ ಕೇಳುವಷ್ಟು ಜೋರಾಗಿ.

"ಮತ್ತೆ ಜಲ್ಲಿ?"

"ಗ್ರಿಹಾಲ್ವಾಗೆ ಫೋನ್ ಹಚ್ಚಿದ್ದೆ. ಅಷ್ಟರಲ್ಲಿ ನೀನು ಆ ಬಳ್ಳಿ ಮುಂದೆ ಕೂತು, ನಿಮ್ಮಮ್ಮನ ಜೊತೆ ಮಾತಾಡೋ ಹಂಗೆ ಏನೇನೋ ಹೇಳ್ತಾ ಇದ್ದೆ. ಮನಸ್ಸು ಬರಲಿಲ್ಲ, ಇಟ್ಬಿಟ್ಟೆ." ಹಿಟ್ಟನ್ನು ಒಮ್ಮೆ ಗುದ್ದಿದಳು. "ಹಾವು ಕಂಡೆ ಅಂತ ಹೇಳಿದ್ರೆ ಆಡಿದ ಮಾತಿಗೆ ತೋಟ ಹೋಗುತ್ತೆ, ಹೇಳ್ದಿದ್ರೆ ನೀನು ಹೋಗ್ತೀಯ. ಆಸ್ಪತ್ರೆಯ ಆ ಬೆಂಚಿನ ಮೇಲೆ ಇನ್ನೊಂದು ಸಲ ಕೂರೋಕೆ ನನ್ನ ಕೈಲಿ ಆಗಲ್ಲ ಮುದುಕಾ. ಹದಿನೈದು ದಿನದಿಂದ ಈ ಕಿಟಕಿ ಬಿಟ್ಟು ಕದಲಿಲ್ಲ. ಮನೇಲಿದ್ದ ನಿಂಬೆಹಣ್ಣೂ ಮುಗೀತು, ಈಗ ಕೈಲಿದ್ದದ್ದೇ ಕೊನೇದು."

ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಫೆರ್ಮೀನ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ಜಲ್ಲಿ ಹಾಕಿಸ್ಬಿಡು," ಎಂದ. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿ, "ಇಲ್ಲಾಂದ್ರೆ... ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗು," ಎಂದ.

ಕೂಕಾ ಕಣ್ಣೊರೆಸಿಕೊಂಡಳು. "ಜನ ಬಾಯೊಳಗೆ ಮಾತಾಡಿದ್ರೆ ನಿನಗ್ಯಾಕಪ್ಪಾ ಡಾಕ್ಟ್ರು?" ಎನ್ನುತ್ತಲೇ ಎದ್ದು ಫೋನಿಗೆ ಹೋದಳು.

ಡಾಕ್ಟರು ಕೊಟ್ಟ ಯಂತ್ರ ಕಿವಿಗೇರಿದ ಮೇಲೆ ನಾಲ್ಕು ದಿನ ಫೆರ್ಮೀನ್ ಎಲ್ಲವನ್ನೂ ಶಪಿಸಿದ. ಪ್ಲೇಟು ಚೀರುತ್ತದೆ, ಬಾಗಿಲು ಅಳುತ್ತದೆ, ತನ್ನ ಬೂಟಿಗೂ ಬಾಯಿ ಬಂದಿದೆ. ಐದನೆಯ ಬೆಳಿಗ್ಗೆ ಹಿತ್ತಿಲಿಗಿಳಿದು, ಶಾಸ್ತ್ರದ ಪ್ರಕಾರ ಕೋಲಿನಿಂದ ಕುಂಬಳದ ಎಲೆ ತಟ್ಟಿದ. ಕೆಳಗಿನಿಂದ ಕಾದ ಬಾಣಲೆಗೆ ನೀರು ಸುರಿದಂಥ ಸದ್ದು ಎದ್ದಿತು. ಅಯ್ಯಪ್ಪಾ! ಇದನ್ನೇ ಏನು ತಾನು ಸಾಧು ಎಂದದ್ದು? ಆದರೂ ಓಡದೆ, ಒಂದೊಂದೇ ಹೆಜ್ಜೆ ಹಿಂದೆ ಸರಿದು ಕಿಟಕಿಯ ಕೆಳಗೆ ಬಂದು ನಿಂತ.

ತಲೆಯ ಮೇಲೆ, ಕಿಟಕಿಯೊಳಗೆ, ಇನ್ನೊಂದು ಸದ್ದಿತ್ತು. ಕೂಕಾ ಪಾತ್ರೆ ಉಜ್ಜುತ್ತ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು: "ಗ್ವಾದಲೂಪೆ ತಾಯೀ, ಈ ಕತ್ತೇನ ಇವತ್ತೂ ನೆಟ್ಟಗೆ ಒಳಗೆ ಕಳಿಸಮ್ಮಾ. ಈ ಕತ್ತೇನ ಇವತ್ತೂ ನೆಟ್ಟಗೆ ಒಳಗೆ ಕಳಿಸಮ್ಮಾ."

ನಿನ್ನೆ ಮೊನ್ನೆ ಕಲಿತ ಪ್ರಾರ್ಥನೆಯಲ್ಲ ಅದು. ಗಣಿಯ ಕಾಲದಿಂದ ಹೇಳಿ ಹೇಳಿ ನುಣುಪಾಗಿತ್ತು. ಫೆರ್ಮೀನ್ ಗೋಡೆಗೊರಗಿ ಅದನ್ನು ಏಳೆಂಟು ಸಲ ಕೇಳಿಸಿಕೊಂಡ.

"ಬಂದೆ ಕಣೇ," ಎಂದು ಕೂಗಿ, ಬೂಟು ಬಿಚ್ಚಿ ಒಳಗೆ ಹೋದ.