ಅತ್ತೆ ಕಂಡ ಕಡಜ

ಫೋನಿನೊಳಗೆ ಯಾರ ಮನೆಯದೋ ನಾಯಿ ಬೊಗಳಿತು, ಹತ್ತೊಂಬತ್ತು ಚೌಕಗಳಲ್ಲಿ ಹತ್ತೊಂಬತ್ತು ಪುಟ್ಟ ಮುಖಗಳು, ಒಬ್ಬಳು ಬಾಯಿಬಿಟ್ಟು ಆಕಳಿಸುತ್ತಿದ್ದಾಳೆ, ಇನ್ನೊಬ್ಬ ಮಂಚದಿಂದ ತಲೆಕೆಳಗಾಗಿ ನೇತಾಡುತ್ತಿದ್ದಾನೆ — ಏನು ತೋರಿಸಲಿ ಇವರಿಗೆ, ಅವಳ ಕೈಲಿರುವುದು ಕುಂಡದಿಂದ ಕಿತ್ತ ಒಂದು ಒಣಗಿದ ಎಲೆ, ಮಿಸ್, ನಿನ್ನೇನೂ ಎಲೇನೇ ತೋರ್ಸಿದ್ರಿ. ಹೌದಲ್ಲ, ನಿನ್ನೆಯೂ ಎಲೆಯೇ. ಉದ್ಯಾನದ ಗೇಟಿಗೆ ಬೀಗ ಬಿದ್ದು ಐದು ವಾರ, ಜ್ವರ ಊರು ಬಿಡುವವರೆಗೆ ತೆಗೆಯುವುದಿಲ್ಲವಂತೆ, ಹನ್ನೊಂದು ವರ್ಷ ಪರಿಸರ ಪಾಠಕ್ಕೆಂದು ಮಕ್ಕಳನ್ನು ಕಟ್ಟಿಕೊಂಡು ಆ ಮರಗಳ ಕೆಳಗೆ ಅಲೆದವಳು ಅವಳು, ಕೊಳದ ದಂಡೆಯಲ್ಲಿ ಮಂಡಿಯೂರಿ ಗೊದಮೊಟ್ಟೆ ತೋರಿಸಿದವಳು, ತೊಗಟೆಗೆ ಕಿವಿಯಿಟ್ಟು ಉಶ್ ಎಂದರೆ ಮೂವತ್ತು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು, ಈಗ ಈ ಕೋಣೆ, ಗೋಡೆ, ಗೋಡೆಯಾಚೆ ಇನ್ನೊಂದು ಗೋಡೆ. ಮನೆಯಿಂದ್ಲೇ ನಡೆಸಿ ಮೇಡಂ, ಆದ್ರೆ ಮಕ್ಕಳು ಹೀಗೇ ಬಿಟ್ಟುಹೋಗ್ತಾ ಇದ್ರೆ ತರಗತೀನೇ ಮುಚ್ಚಬೇಕಾಗುತ್ತೆ, ಎಂದಿದ್ದ ಉದ್ಯಾನದ ಮೇಲ್ವಿಚಾರಕ, ಮೂವತ್ತು ಆಗಲೇ ಹತ್ತೊಂಬತ್ತಾಗಿದೆ, ಮುಚ್ಚಿದರೆ ಅವಳ ಕೆಲಸವೂ ಅದರ ಜೊತೆಗೇ — ಬೇಡ, ಈಗ ಬೇಡ ಆ ಯೋಚನೆ, ನಗು, ಮಕ್ಕಳು ನೋಡುತ್ತಿದ್ದಾರೆ. ಸಿಗ್ನಲ್ ಸಿಗುವುದು ಇದೊಂದೇ ಕೋಣೆಯಲ್ಲಿ, ಅತ್ತೆಯ ಕೋಣೆಯಲ್ಲಿ, ಬೆನ್ನ ಹಿಂದೆ ಮಂಚದ ಮೇಲೆ ಅತ್ತೆ, ಕಿಟಕಿಯ ಕಡೆ ಮುಖ ಮಾಡಿ ಮಲಗಿದವರು, ನಲವತ್ತು ವರ್ಷ ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ತಿಕ್ಕಿದ ಹೆಂಗಸು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಎರಡು ತಿಂಗಳು, ದಿನಾ ಸ್ವಲ್ಪ ಕೂತ್ಕೊಳ್ಳಿ ಅಮ್ಮ, ಇಲ್ಲಾಂದ್ರೆ ಆಮೇಲೆ ಏಳೋಕೇ ಆಗಲ್ಲ, ಡಾಕ್ಟರು ಎಷ್ಟು ಗೋಗರೆದರೂ ಅತ್ತೆಯದು ಒಂದೇ ಮಾತು, ಎದ್ದು ಯಾರ ಬಟ್ಟೆ ಇಸ್ತ್ರಿ ಮಾಡ್ಬೇಕಾಗಿದೆ ನಾನು, ಅಷ್ಟೇ, ಮತ್ತೆ ಕಿಟಕಿ.

ಏನು ನೋಡುತ್ತಾರೆ ಅಲ್ಲಿ, ಪಕ್ಕದ ಕಟ್ಟಡದ ಸೋರುವ ಪೈಪನ್ನೇ, ಪಾಚಿಯನ್ನೇ, ಒಂದು ದಿನವೂ ಕೇಳಲಿಲ್ಲ ಅವಳು, ಕಣ್ಣಿರುವುದು ತನಗೊಬ್ಬಳಿಗೇ ಎಂಬಂತೆ ಮೆರೆದಳಲ್ಲ ಇಷ್ಟು ವರ್ಷ — ಆ ಒಣಗಿದ್ದನ್ನ ಅತ್ತ ಬಿಸಾಕೇ, ಫೋನು ಈ ಕಡೆ ತಿರುಗ್ಸು, ಬಂದ್ಳು ನೋಡು. ಯಾರು ಬಂದ್ಳು ಅತ್ತೆ? ಕಡಜ ಕಣೇ. ಕಿಟಕಿಯ ಹೊರಮೂಲೆಯಲ್ಲಿ ಮಣ್ಣಿನ ಪುಟ್ಟ ಗಡಿಗೆಗಳು, ಕೋಟಿನ ಗುಂಡಿಯಷ್ಟು ದಪ್ಪ, ನಾಲ್ಕರ ಬಾಯಿ ಮುಚ್ಚಿದೆ, ಐದನೆಯದು ತೆರೆದಿದೆ, ನೂಲಿನಂಥ ಸೊಂಟದ ಕಡಜವೊಂದು ಹಸಿರು ಹುಳುವನ್ನು ಅವುಚಿಕೊಂಡು ಇಳಿಯುತ್ತಿದೆ, ದಿನಾ ಅವಳೇ ಧೂಳು ಒರೆಸುವ ಕಿಟಕಿ, ಕಂಡಿರಲೇ ಇಲ್ಲ. ನಾಲ್ಕು ಮನೆ ಕಟ್ಟಿ ಮುಗಿಸಿದ್ಳು ಮಕ್ಕಳೇ, ಅತ್ತೆಯ ದನಿ, ಲಾಂಡ್ರಿಯ ಯಂತ್ರಗಳ ಗದ್ದಲ ಮೀರಿ ಕೂಗಿ ಪಳಗಿದ ದನಿ, ಆ ಪೈಪು ಸೋರುತ್ತಲ್ಲ, ಅಲ್ಲಿ ಮಣ್ಣು ಕಲಸ್ಕೊಂಡು ಬರೋದು, ಒಳಗೆ ಒಂದು ಮೊಟ್ಟೆ, ಹುಟ್ಟೋ ಮರಿಗೆ ಬುತ್ತಿ ಈ ಹುಳ. ಅಜ್ಜೀ, ಹುಳ ಸತ್ತೋಗಿದ್ಯಾ? ನೇತಾಡುತ್ತಿದ್ದವನು ನೆಟ್ಟಗೆ ಕೂತಿದ್ದಾನೆ. ಸತ್ತಿಲ್ಲ ಕಣೋ, ಚುಚ್ಚಿ ಮಲಗ್ಸಿದ್ದಾಳೆ, ಕಾಲು ಅಲ್ಲಾಡುತ್ತೆ ನೋಡು, ಸತ್ರೆ ಕೊಳೆಯುತ್ತಲ್ಲ, ಮರಿಗೆ ತಾಜಾ ಊಟ ಬೇಡ್ವಾ? ಇದನ್ನವಳು ತರಬೇತಿಯಲ್ಲಿ ಪುಸ್ತಕ ಇಟ್ಟುಕೊಂಡು ಉರುಹೊಡೆದಿದ್ದಳು, ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಬರೀ ನೋಡಿ, ಎರಡು ತಿಂಗಳು ನೋಡಿ ನೋಡಿ — ಅಬ್ಬಾ, ಎಂಥ ಕಣ್ಣು. ಅಜ್ಜೀ, ನಮ್ಮನೆ ಮೆಟ್ಟಿಲ ಕೆಳಗೂ ಮಣ್ಣಿನ ಮನೆ ಇದೆ, ಅಜ್ಜೀ, ನಮ್ಮಲ್ಲಿ ಕಡಜ ಇಲ್ಲ, ಇರುವೆ ಆದ್ರೂ ನಡೆಯುತ್ತಾ? ಯಾಕೆ ನಡೆಯಲ್ಲ, ಎಲ್ಲಿಗೆ ಹೋಗ್ತಾವೆ ಕೇಳ್ಕೊಂಡು ಬಾ ಹೋಗು. ಚೌಕಗಳು ಒಂದೊಂದಾಗಿ ಖಾಲಿಯಾಗುತ್ತಿವೆ, ಮಕ್ಕಳು ಕಿಟಕಿಗೆ, ಬಾಲ್ಕನಿಗೆ ಓಡುತ್ತಿದ್ದಾರೆ, ಆಕಳಿಸುತ್ತಿದ್ದವಳು ಇರುವೆ ಸಾಲಿನ ಹಿಂದೆ ಅಂಬೆಗಾಲಿಡುತ್ತಿದ್ದಾಳೆ, ಬಿಟ್ಟುಹೋದವ್ರಿಗೂ ಹೇಳ್ತೀನಿ ಮಿಸ್, ನಾಳೆ ಅಜ್ಜೀನೇ ಪಾಠ ಮಾಡ್ಲಿ. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಕಾಣಿಸ್ತಾ ಇಲ್ಲ ಅಜ್ಜೀ, ಗಡಿಗೆ ಬಾಯಿ ಮುಚ್ತಾ ಇದ್ಯಾ? ತಡಿಯೋ, ನಂಗೂ ಕಾಣ್ತಿಲ್ಲ, ಮಂಚ ಕಿರ್ರೆಂದಿತು, ಹಾಸಿಗೆ ಸರಿದ ಸದ್ದು, ಅತ್ತೆ, ಸೊಂಟ — ಎನ್ನಹೋಗಿ ನಾಲಿಗೆ ಕಚ್ಚಿಕೊಂಡಳು, ಯಾರೂ ಹಿಡಿದು ಎಬ್ಬಿಸಿಲ್ಲ, ಅತ್ತೆ ಕೂತಿದ್ದಾರೆ, ಮಕ್ಕಳಿಗೆ ಏನೋ ಹೇಳುತ್ತಿದ್ದಾರೆ, ಅವಳಿಗೆ ಕೇಳಿಸುತ್ತಿಲ್ಲ, ಕಾಣುತ್ತಿರುವುದು ಕಿಟಕಿಯ ಕಂಬಿಯನ್ನು ಬಿಗಿದು ಹಿಡಿದ ಕೈ, ಬಿಳಿಚಿದ ಗೆಣ್ಣುಗಳು, ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆಯ ಹೆಬ್ಬೆರಳು, ಬಿಡುತ್ತಿಲ್ಲ, ಕಂಬಿ, ಆ ಹೆಬ್ಬೆರಳು, ಕಂಬಿಯ ಮೇಲೆ ಆ ಕೈ —